ಗುಂಗುರು ಕೂದಲಿನ ಆರೈಕೆ: ಕರಾವಳಿಯ ತೇವದಲ್ಲಿ, ಬಕೆಟ್ಟು–ಚೆಂಬಿನ ಬಚ್ಚಲಲ್ಲಿ

ಜೂನ್ ತಿಂಗಳ ಮಳೆ ಹಿಡಿಯಿತೆಂದರೆ ಕಾಸರಗೋಡಿನ ಗುಂಗುರು ಕೂದಲಿನವರ ತಲೆಗೆ ಬೆಳಗ್ಗೆ ಒಂದು ಗಾತ್ರ, ಸಂಜೆ ಇನ್ನೊಂದು ಗಾತ್ರ. ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹೆಣೆದು ಬದಿಯಡ್ಕದಲ್ಲಿ ಬಸ್ಸು ಹತ್ತಿದವರ ಹಣೆಯ ಸುತ್ತ, ಕುಂಬಳೆಯಲ್ಲಿ ಇಳಿಯುವಷ್ಟರಲ್ಲಿ ಸಣ್ಣ ಕೂದಲೆಲ್ಲ ಎದ್ದು ನಿಂತಿರುತ್ತದೆ. ಇದಕ್ಕೆ ಪರಿಹಾರವೆಂದು ಮೊಬೈಲಿನಲ್ಲಿ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಒಣ ಹವೆಯ ಊರುಗಳಲ್ಲಿ, ಶವರ್ ಕೆಳಗೆ ನಿಂತು ಸ್ನಾನ ಮಾಡುವವರಿಗಾಗಿ ಹುಟ್ಟಿದವು. ನಮ್ಮದು ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಸುರಿಯುವ, ಹಂಡೆಯ ಬಿಸಿನೀರನ್ನು ಬಕೆಟ್ಟಿನಲ್ಲಿ ಹದ ಮಾಡಿಕೊಂಡು ಚೆಂಬಿನಲ್ಲಿ ಹೊಯ್ದುಕೊಳ್ಳುವ ಊರು. ಕ್ರಮವೂ ಅದಕ್ಕೆ ತಕ್ಕಂತೆ ಬದಲಾಗಬೇಕು.

ಈ ಬರಹದುದ್ದಕ್ಕೂ ನಾನು ಹೇಳುವುದು ಹೆಚ್ಚುಕಡಿಮೆ ಒಂದೇ ಮಾತು. ಗುಂಗುರು ಕೂದಲಿಗೆ ಮಾಡಬೇಕಾದ ಕೆಲಸವೆಲ್ಲ ಅದು ಒದ್ದೆಯಿದ್ದಾಗ ಮುಗಿಯಬೇಕು. ಒಣಗಿದ ಮೇಲೆ ಮಾಡುವ ಉಪಚಾರಗಳಲ್ಲಿ ಮುಕ್ಕಾಲು ಪಾಲು ಕೂದಲನ್ನು ಕೆಡಿಸುವಂಥವು. ಇದಕ್ಕೆ ಬೇಕಾದ ಸಾಮಾನುಗಳಲ್ಲಿ ಅರ್ಧದಷ್ಟು ನಮ್ಮ ಹಿತ್ತಿಲಲ್ಲಿ, ಅಡುಗೆಮನೆಯಲ್ಲಿ ಈಗಾಗಲೇ ಇವೆ.

ಕೂದಲು ಸುರುಳಿ ಸುತ್ತುವುದು ಏಕೆ

ಗುಂಗುರು ಕೂದಲು ಹುಟ್ಟುವುದೇ ಚರ್ಮದೊಳಗೆ ಬಾಗಿ ಕುಳಿತ ರೋಮಕೂಪದಿಂದ. ಅಡ್ಡಕ್ಕೆ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನೇರ ಕೂದಲು ಬಹುಮಟ್ಟಿಗೆ ದುಂಡಗೆ ಕಾಣುತ್ತದೆ, ಗುಂಗುರು ಕೂದಲು ಚಪ್ಪಟೆಯಾದ ಅಂಡಾಕಾರದಲ್ಲಿರುತ್ತದೆ. ಕೂದಲಿನ ಪ್ರೋಟೀನಾದ ಕೆರಾಟಿನನ್ನು ಹಿಡಿದಿಡುವ ಬಂಧಗಳಲ್ಲಿ ಮುಖ್ಯವಾದವು ಎರಡು. ಗಂಧಕದ ಬಂಧಗಳು ಗಟ್ಟಿ. ಪಾರ್ಲರಿನ ರಾಸಾಯನಿಕಗಳಂಥವುಗಳಿಗಷ್ಟೇ ಅವು ಬಗ್ಗುತ್ತವೆ. ಹೈಡ್ರೋಜನ್ ಬಂಧಗಳು ಹಾಗಲ್ಲ. ನೀರು ತಾಗಿದೊಡನೆ ಬಿಡುತ್ತವೆ, ಒಣಗುವಾಗ ಮತ್ತೆ ಕೂಡಿಕೊಳ್ಳುತ್ತವೆ. ಒಣಗುವ ಹೊತ್ತಿನಲ್ಲಿ ಕೂದಲು ಯಾವ ಆಕಾರದಲ್ಲಿರುತ್ತದೋ ಅದೇ ಆಕಾರ ಉಳಿಯುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಆ ನೀರಿನಂಶವೂ ಈ ಬಂಧಗಳನ್ನು ಸಡಿಲಿಸುತ್ತದೆ, ಒಂದೊಂದು ಕೂದಲೂ ತನಗೆ ತೋಚಿದ ದಿಕ್ಕಿಗೆ ತಿರುಗುತ್ತದೆ. ಜುಲೈಯಲ್ಲಿ ತಲೆ ಉಬ್ಬುವುದು ಹೀಗೆ.

ಇನ್ನೊಂದು ಸಂಗತಿ. ತಲೆಯ ಚರ್ಮದಲ್ಲಿ ಒಸರುವ ಎಣ್ಣೆಯಂಶ ನೇರ ಕೂದಲಿನಲ್ಲಿ ಸಲೀಸಾಗಿ ತುದಿಯವರೆಗೆ ಇಳಿಯುತ್ತದೆ. ಸುರುಳಿಯಲ್ಲಿ ದಾರಿ ತಿರುವುಮುರುವು, ಅರ್ಧಕ್ಕೇ ನಿಲ್ಲುತ್ತದೆ. ಹಾಗಾಗಿ ಬುಡ ಜಿಡ್ಡು, ತುದಿ ಒರಟು. ಇದು ಕೊಳಕಿನ ಲಕ್ಷಣವೂ ಅಲ್ಲ, ಪೋಷಣೆಯ ಕೊರತೆಯೂ ಅಲ್ಲ. ಬುಡಕ್ಕೊಂದು, ತುದಿಗೊಂದು ಎಂದು ಬೇರೆ ಬೇರೆ ಆರೈಕೆ ಬೇಕು ಅಷ್ಟೆ.

ಮೊದಲು ನೋಡಿ, ಆಮೇಲೆ ಕೊಳ್ಳಿ

ಒಂದು ರಜಾ ದಿನ ತಲೆ ತೊಳೆದು, ಎಣ್ಣೆ, ಕ್ರೀಮು ಯಾವುದನ್ನೂ ಹಚ್ಚದೆ, ಬಾಚದೆ ಹಾಗೆಯೇ ಒಣಗಲು ಬಿಡಿ. ಒಣಗಿದ ಮೇಲೆ ಉದ್ದಕ್ಕೂ ಇಂಗ್ಲಿಷಿನ ಎಸ್ ಅಕ್ಷರದಂತೆ ಬಳುಕಿದ್ದರೆ ಅದು ಅಲೆಗೂದಲು. ಬೆರಳಿಗೆ ಸುತ್ತಿಕೊಳ್ಳುವ ಉಂಗುರಗಳಿದ್ದರೆ ಗುಂಗುರು. ಪೆನ್ಸಿಲಿಗಿಂತ ಸಣ್ಣ ಸುತ್ತುಗಳು ಒತ್ತೊತ್ತಾಗಿದ್ದರೆ ಬಿಗಿ ಸುರುಳಿ. ಅಂತರಜಾಲದಲ್ಲಿ ಕಾಣುವ 2ಎ, 3ಬಿ ಎಂಬ ಸಂಕೇತಗಳು ಇದನ್ನೇ ಹೇಳುತ್ತವೆ: 2 ಅಲೆ, 3 ಗುಂಗುರು, 4 ಬಿಗಿ ಸುರುಳಿ. ಒಂದೇ ತಲೆಯಲ್ಲಿ ಎರಡು ಮೂರು ಬಗೆ ಇರುವುದು ಸಾಮಾನ್ಯ. ಹಿಂಭಾಗ ಸುರುಳಿ, ನೆತ್ತಿ ಬರೀ ಅಲೆ ಎಂದು ಕೊರಗಬೇಕಾಗಿಲ್ಲ.

ಸಂಕೇತಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವ ವಿಷಯ ಎರಡಿವೆ. ಮೊದಲನೆಯದು ಎಳೆಯ ದಪ್ಪ. ಒಂದೇ ಒಂದು ಕೂದಲನ್ನು ಹೆಬ್ಬೆರಳು, ತೋರುಬೆರಳ ನಡುವೆ ಹೊರಳಿಸಿ ನೋಡಿ. ಏನೂ ತಿಳಿಯದಿದ್ದರೆ ನಯ, ಸ್ಪಷ್ಟವಾಗಿ ತಾಗಿದರೆ ದಪ್ಪ. ನಯವಾದ ಕೂದಲು ಭಾರದ ಕ್ರೀಮು, ಬೆಣ್ಣೆಗಳನ್ನು ಹೊರುವುದಿಲ್ಲ, ಜೋತುಬೀಳುತ್ತದೆ. ಎರಡನೆಯದು ನೀರು ಹೀರುವ ಗುಣ. ಚೆಂಬು ಚೆಂಬು ನೀರು ಹೊಯ್ದರೂ ಒಳಗಿನ ಪದರ ಒದ್ದೆಯಾಗಲು ಹೊತ್ತು ಹಿಡಿಯುತ್ತದೆಯೇ? ಒಣಗಲೂ ಅರ್ಧ ದಿನ ಬೇಕೇ? ಹಾಗಿದ್ದರೆ ಹೊರಪದರ ಮುಚ್ಚಿಕೊಂಡ ಕೂದಲು. ತಕ್ಷಣ ನೀರು ಕುಡಿದು ಬೇಗ ಒಣಗಿ ಒರಟಾಗುತ್ತದೆಯಾದರೆ ಹೊರಪದರ ಬಿಟ್ಟುಕೊಂಡಿದೆ. ಬಣ್ಣ, ಇಸ್ತ್ರಿ, ಬಿಸಿಲು ಕಂಡ ಕೂದಲು ಹೀಗಿರುತ್ತದೆ. ಲೋಟದ ನೀರಿನಲ್ಲಿ ಕೂದಲು ತೇಲಿಸಿ ನೋಡುವ ಪರೀಕ್ಷೆಯನ್ನು ನಾನು ನಂಬುವುದಿಲ್ಲ. ಕೂದಲ ಮೇಲೆ ಚೂರು ಎಣ್ಣೆಯಿದ್ದರೂ ಅದು ತೇಲುತ್ತದೆ, ಎಣ್ಣೆ ಕಾಣದ ಕೂದಲು ನಮ್ಮ ಊರಿನಲ್ಲಿ ಎಲ್ಲಿದೆ?

ನೀರು ಯಾವುದು?

ಬಾಟಲಿಯ ಲೇಬಲ್ ಓದುವವರು ಬಚ್ಚಲಿನ ನೀರನ್ನು ನೋಡುವುದಿಲ್ಲ. ಮುರಕಲ್ಲಿನ ಗುಡ್ಡಗಳಲ್ಲಿ ಅಡ್ಡಕ್ಕೆ ಕೊರೆದ ಸುರಂಗದ ನೀರು, ಬಾಯಾರು–ಎಣ್ಮಕಜೆ ಕಡೆಯ ಹಲವು ಮನೆಗಳಲ್ಲಿ ಈಗಲೂ ಬಳಕೆಯಲ್ಲಿರುವಂಥದ್ದು, ಸಾಮಾನ್ಯವಾಗಿ ಮೆದು. ಸಾಬೂನು ಚೆನ್ನಾಗಿ ನೊರೆ ಬರುತ್ತದೆ. ಕೊಳವೆಬಾವಿಯ ನೀರಿಗೆ ಆ ಭರವಸೆ ಇಲ್ಲ. ಸುಣ್ಣ, ಕಬ್ಬಿಣ ಎರಡೂ ಇರಬಹುದು. ಕಡಲ ಬದಿಯ ಬಾವಿಗಳಲ್ಲಿ ಏಪ್ರಿಲ್–ಮೇ ಹೊತ್ತಿಗೆ ಉಪ್ಪು ಸೇರುವುದುಂಟು.

ಪರೀಕ್ಷೆ ಸುಲಭ. ಪಾರದರ್ಶಕ ಬಾಟಲಿಯಲ್ಲಿ ಅರ್ಧ ನೀರು ತುಂಬಿ, ಬಟ್ಟೆ ಸಾಬೂನಿನ ತುರಿ ಚಿಟಿಕೆಯಷ್ಟು ಹಾಕಿ ಕುಲುಕಿ. ನೊರೆ ನಿಂತು ನೀರು ತಿಳಿಯಾಗಿದ್ದರೆ ಮೆದು ನೀರು. ನೊರೆಯಿಲ್ಲದೆ ಹಾಲಿನಂತೆ ಕದಡಿ ಕೆನೆ ಕಟ್ಟಿದರೆ ಗಡಸು. ಹಂಡೆಯ ಒಳಗೆ ಬಿಳಿ ಕರೆ ಕಟ್ಟಿದ್ದರೆ ಪರೀಕ್ಷೆಯೂ ಬೇಡ. ಪ್ರಯೋಗಾಲಯದ ವರದಿ ಕೈಯಲ್ಲಿದ್ದರೆ ಒಟ್ಟು ಗಡಸುತನ ಲೀಟರಿಗೆ 200 ಮಿಲಿಗ್ರಾಂ ಎಂಬುದು ಕುಡಿಯುವ ನೀರಿಗೆ ಭಾರತೀಯ ಮಾನಕ ಸಂಸ್ಥೆ ಹೇಳುವ ಅಪೇಕ್ಷಿತ ಮಿತಿ. ಅದಕ್ಕಿಂತ ಎಷ್ಟು ಮೇಲಿದೆಯೋ ಅಷ್ಟು ತೊಂದರೆ ಕೂದಲಿಗೂ ಇದೆ ಎಂದು ತಿಳಿಯಬಹುದು.

ಗಡಸು ನೀರಿನವರು ತಲೆಗೆ ಸಾಬೂನು ಮುಟ್ಟಿಸಲೇಬಾರದು. ಸುಣ್ಣ ಮತ್ತು ಸಾಬೂನು ಸೇರಿ ಆಗುವ ಅಂಟು ಸುರುಳಿಯ ಒಳಗೆ ಕುಳಿತರೆ ಸುಲಭಕ್ಕೆ ಬಿಡುವುದಿಲ್ಲ. ಕಡೆಯ ಜಾಲಿಸುವಿಕೆಗೆ ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ವಿನೆಗರ್, ಇಲ್ಲವೇ ಸೋಸಿದ ಅರ್ಧ ನಿಂಬೆಯ ರಸ ಸೇರಿಸಿ ಹೊಯ್ದು, ಮತ್ತೆ ಸಾದಾ ನೀರು ಹೊಯ್ದುಕೊಳ್ಳಿ. ಬಕೆಟ್ಟಿನಲ್ಲಿ ಕೆಂಪು ಕರೆ ಬಿಡುವ ಕಬ್ಬಿಣದ ನೀರನ್ನು ಹಿಂದಿನ ರಾತ್ರಿಯೇ ಎತ್ತರದಿಂದ ಸುರಿದು ತುಂಬಿಟ್ಟರೆ ಬೆಳಗ್ಗೆ ಕೆಂಪು ತಳಕ್ಕಿಳಿದಿರುತ್ತದೆ, ಮೇಲಿನದನ್ನು ಬಳಸಬಹುದು. ಮಳೆಗಾಲದಲ್ಲಂತೂ ಚಿಂತೆಯೇ ಇಲ್ಲ. ಮೊದಲ ನಾಲ್ಕಾರು ಮಳೆಗೆ ಮಾಡು ತೊಳೆದುಹೋದ ಮೇಲೆ ಹಂಚಿನ ಅಂಚಿಗೆ ಬಕೆಟ್ ಇಡಿ. ಆ ನೀರಿಗಿಂತ ಮೆದುವಾದ ನೀರು ದುಡ್ಡು ಕೊಟ್ಟರೂ ಸಿಗದು.

ಎಣ್ಣೆ: ಮೀಯುವ ಮೊದಲು, ಮಿಂದ ಮೇಲಲ್ಲ

ತೆಂಗಿಗೆಂದೇ 1916ರಿಂದ ಸಂಶೋಧನಾ ಕೇಂದ್ರವಿರುವ ಊರಿನಲ್ಲಿ ತೆಂಗಿನೆಣ್ಣೆಯ ಗುಣಗಾನ ಮಾಡುವ ಅಗತ್ಯವಿಲ್ಲ. ಆದರೆ ಅದು ಏಕೆ ಒಳ್ಳೆಯದು ಎಂದು ತಿಳಿದರೆ ಯಾವಾಗ ಹಚ್ಚಬೇಕು ಎಂಬುದೂ ತಿಳಿಯುತ್ತದೆ. ತೆಂಗಿನೆಣ್ಣೆಯ ಹತ್ತಿರಹತ್ತಿರ ಅರ್ಧದಷ್ಟು ಭಾಗ ಲಾರಿಕ್ ಆಮ್ಲ. ಅದರ ಅಣು ಸಣ್ಣದು, ನೇರವಾದದ್ದು, ಕೂದಲಿನ ಒಳಕ್ಕೆ ಇಳಿಯಬಲ್ಲದು. ಒದ್ದೆಯಾದಾಗ ಉಬ್ಬಿ, ಒಣಗಿದಾಗ ಕುಗ್ಗಿ ಕೂದಲು ಸವೆಯುತ್ತದಲ್ಲ, ಆ ಸವೆತವನ್ನು ಇದು ತಗ್ಗಿಸುತ್ತದೆ. ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ತೈಲ ಮೂರನ್ನೂ ಹೋಲಿಸಿ 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕೂದಲಿನ ಪ್ರೋಟೀನ್ ನಷ್ಟವನ್ನು ಗಮನಾರ್ಹವಾಗಿ ಕಡಿಮೆ ಮಾಡಿದ್ದು ತೆಂಗಿನೆಣ್ಣೆ ಮಾತ್ರ.

ಅಂದರೆ ಎಣ್ಣೆಯ ನಿಜವಾದ ಕೆಲಸ ನೀರು ತಾಗುವ ಮೊದಲು. ಮೀಯುವುದಕ್ಕೆ ಒಂದೆರಡು ಗಂಟೆ ಮೊದಲು, ಬೇಕಿದ್ದರೆ ಹಿಂದಿನ ರಾತ್ರಿ, ಗಾಣದ ಎಣ್ಣೆ ಎರಡು ಮೂರು ಚಮಚದಷ್ಟು ಅಂಗೈಯಲ್ಲಿ ಹರಡಿಕೊಂಡು ಕಿವಿಯಿಂದ ಕೆಳಗೆ, ಮುಖ್ಯವಾಗಿ ತುದಿಗೆ ಹಚ್ಚಿ. ಧನುರ್ಮಾಸದಲ್ಲಿ ಹೆಪ್ಪುಗಟ್ಟಿದ ಎಣ್ಣೆಯನ್ನು ಒಲೆಯ ಮೇಲೆ ಕಾಯಿಸಬೇಡಿ, ಬಿಸಿನೀರಿನಲ್ಲಿ ಬಾಟಲಿ ಇಟ್ಟರೆ ಸಾಕು. ನೆತ್ತಿಗೆ ತಟ್ಟಿ ತಟ್ಟಿ ಎಣ್ಣೆ ಕುಡಿಸುವುದು ದೀಪಾವಳಿಯ ಎಣ್ಣೆಸ್ನಾನಕ್ಕೆ ಸರಿ. ಹೊಟ್ಟಿನ ತೊಂದರೆಯಿರುವವರಿಗೆ ಮಾತ್ರ ದಿನಾ ಬೇಡ. ಹೊಟ್ಟಿಗೆ ಕಾರಣವಾಗುವ ಶಿಲೀಂಧ್ರಕ್ಕೆ ತಲೆಯ ಮೇಲಿನ ಜಿಡ್ಡೇ ಆಹಾರ.

ಮಿಂದು ಒಣಗಿದ ಮೇಲೆ ಎಣ್ಣೆ ಹಚ್ಚಿ ಹಣಿಗೆಯಲ್ಲಿ ಬಾಚುವ ನಮ್ಮ ಪದ್ಧತಿ ನೇರ ಕೂದಲಿಗೆ ಹೇಳಿ ಮಾಡಿಸಿದ್ದು. ಗುಂಗುರು ಕೂದಲಿನಲ್ಲಿ ಅದು ಸುರುಳಿಗಳನ್ನು ಒಡೆದು ಬಿಡಿಬಿಡಿ ಮಾಡುತ್ತದೆ, ರಸ್ತೆಯ ಧೂಳನ್ನೂ ಹಿಡಿದಿಡುತ್ತದೆ. ಅಜ್ಜಿ ಬೇಸರಿಸಿಕೊಂಡಾರು. ‘ಎಣ್ಣೆ ನಿನ್ನೆಯೇ ಹಾಕಿದ್ದೇನೆ ಅಜ್ಜೀ’ ಎಂದುಬಿಡಿ, ಸುಳ್ಳೇನಲ್ಲ.

ಸಿಕ್ಕು ಬಿಡಿಸುವುದು, ತೊಳೆಯುವುದು

ಒಣ ಗುಂಗುರು ಕೂದಲಿಗೆ ಬಾಚಣಿಗೆ ತಾಗಿಸಬೇಡಿ. ಬರೀ ನೀರಿನಿಂದ ಒದ್ದೆಯಾದ ಕೂದಲಿಗೂ ಬೇಡ, ಒದ್ದೆ ಕೂದಲು ಎಳೆದರೆ ಬೇಗ ತುಂಡಾಗುತ್ತದೆ. ಒದ್ದೆಯ ಜೊತೆಗೆ ಜಾರುವ ಗುಣವಿರುವ ಏನಾದರೂ ಇರಬೇಕು: ಎಣ್ಣೆ, ಕಂಡಿಷನರ್, ಇಲ್ಲವೇ ದಾಸವಾಳದ ಎಲೆಯ ಲೋಳೆಯಾದ ಗೊಂಪು. ಕೂದಲನ್ನು ನಾಲ್ಕು ಪಾಲು ಮಾಡಿ, ಒಂದೊಂದರಲ್ಲೂ ತುದಿಯಿಂದ ಆರಂಭಿಸಿ ಮೇಲಕ್ಕೆ ಬನ್ನಿ. ಮೊದಲು ಬೆರಳು, ಆಮೇಲೆ ಬೇಕಿದ್ದರೆ ಅಗಲ ಹಲ್ಲಿನ ಬಾಚಣಿಗೆ. ಗಂಟಿನ ಮೇಲ್ಭಾಗವನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡರೆ ಬುಡಕ್ಕೆ ಎಳೆತ ಬೀಳುವುದಿಲ್ಲ. ಮುಷ್ಟಿಯಷ್ಟು ಕೂದಲು ಕೈಗೆ ಬಂದಾಗ ಎದೆ ಧಸಕ್ಕೆನ್ನುವುದು ಸಹಜ. ದಿನಕ್ಕೆ 50ರಿಂದ 100 ಕೂದಲು ಎಲ್ಲರಿಗೂ ಉದುರುತ್ತದೆ. ನೇರ ಕೂದಲಿನವರದು ನೆಲಕ್ಕೆ ಬೀಳುತ್ತದೆ, ನಿಮ್ಮದು ಸುರುಳಿಯಲ್ಲಿ ಸಿಕ್ಕಿಕೊಂಡಿದ್ದು ತೊಳೆಯುವ ದಿನ ಒಟ್ಟಿಗೆ ಬರುತ್ತದೆ.

ಈಗ ಗೊಂಪು. ಮಲಯಾಳಂ ಆಡುವ ನೆರೆಮನೆಗಳಲ್ಲಿ ಇದಕ್ಕೆ ತಾಳಿ ಎನ್ನುತ್ತಾರೆ. ಐದೆಸಳಿನ ಕೆಂಪು ದಾಸವಾಳದ ಎಲೆ ಎರಡು ಹಿಡಿ ಕೊಯ್ದು, ಮಣ್ಣು ಹೋಗುವಂತೆ ತೊಳೆಯಿರಿ. ತೀರ ಎಳೆಯದೂ ಬೇಡ, ಬಲಿತು ಗಡುಸಾದದ್ದೂ ಬೇಡ. ಅಗಲವಾದ ಪಾತ್ರೆಯಲ್ಲಿ ಎಲೆ ಮುಳುಗುವಷ್ಟು ನೀರು ಹಾಕಿ ಹತ್ತು ನಿಮಿಷ ಬಿಟ್ಟು, ಎರಡೂ ಕೈಯಿಂದ ಕಿವುಚಲು ತೊಡಗಿ. ಮೊದಮೊದಲು ಬರೀ ಹಸಿರು ನೀರು. ಸ್ವಲ್ಪ ಹೊತ್ತಿಗೆ ಬೆರಳುಗಳ ನಡುವೆ ನೂಲೆಳೆಯುವಂತೆ ಲೋಳೆ ಇಳಿಯುತ್ತದೆ, ಎಲೆ ಸಿಪ್ಪೆಯಾಗುತ್ತದೆ. ಮಿಕ್ಸಿಗೆ ಹಾಕುವ ಸೋಮಾರಿತನ ಇಲ್ಲಿ ತಿರುಗಿ ಬೀಳುತ್ತದೆ. ಎಲೆಯ ನುಣ್ಣನೆಯ ಚೂರುಗಳು ಸುರುಳಿಯೊಳಗೆ ಹೊಕ್ಕರೆ ಎರಡು ದಿನ ಹೆಕ್ಕುತ್ತಿರಬೇಕು. ಕೈಯಲ್ಲೇ ಕಿವುಚಿ, ತೋರ್ತಿನಲ್ಲಿ, ಅಂದರೆ ತೆಳು ಹತ್ತಿಯ ಟವೆಲಿನಲ್ಲಿ, ಎರಡು ಸಲ ಸೋಸಿ. ಸೋಸಿದ ಲೋಳೆಯನ್ನು ಬುಡಕ್ಕೂ ಉದ್ದಕ್ಕೂ ಹಚ್ಚಿ ಐದು ನಿಮಿಷ ಬಿಟ್ಟು ತೊಳೆಯಿರಿ. ನೊರೆ ಹೆಚ್ಚು ಬರುವುದಿಲ್ಲ, ಆದರೆ ಸಿಕ್ಕು ಬಿಡಿಸುವುದಕ್ಕೆ ಇದರಷ್ಟು ಜಾರುವ ವಸ್ತು ಅಂಗಡಿಯಲ್ಲೂ ಕಡಿಮೆ. ಅದರ ಮಿತಿಯೂ ಗೊತ್ತಿರಲಿ: ರಾತ್ರಿಯಿಡೀ ಇಟ್ಟ ಎಣ್ಣೆಯನ್ನು ಗೊಂಪೊಂದೇ ಪೂರ್ತಿ ತೆಗೆಯದು.

ಸೀಗೆಕಾಯಿ, ಅಂಟುವಾಳ ಎಣ್ಣೆ ತೆಗೆಯುತ್ತವೆ. ಪುಡಿಯನ್ನು ನೇರವಾಗಿ ತಿಕ್ಕಬೇಡಿ, ಕುದಿಸಿ ಸೋಸಿದ ಕಷಾಯವನ್ನಷ್ಟೇ ಬಳಸಿ, ಕಣ್ಣಿಗೆ ಬೀಳದಂತೆ ನೋಡಿಕೊಳ್ಳಿ. ಕಡಲೆಹಿಟ್ಟು, ಹೆಸರುಹಿಟ್ಟು ನೇರ ಕೂದಲಿನವರಿಗೇ ಇರಲಿ.

ಶಾಂಪೂ ಬಳಸುವುದರಲ್ಲಿ ತಪ್ಪಿಲ್ಲ. ಲೇಬಲ್ಲಿನಲ್ಲಿ ಸೋಡಿಯಂ ಲಾರಿಲ್ ಸಲ್ಫೇಟ್ ಮೊದಲ ಹೆಸರುಗಳಲ್ಲೇ ಇದ್ದರೆ ಅದು ಖಾರದ ಮಾರ್ಜಕ, ವಾರವಾರ ಬೇಡ, ತಿಂಗಳಿಗೊಮ್ಮೆ ಅಂಟು ಕಿತ್ತುಹಾಕಲು ಸಾಕು. ಕೋಕಮಿಡೋಪ್ರೊಪಿಲ್ ಬೀಟೇನ್ ಮುಖ್ಯವಾಗಿರುವ ಶಾಂಪೂ ಸೌಮ್ಯ. ಆ ಉದ್ದದ ಹೆಸರಿನ ಆರಂಭದಲ್ಲಿರುವ ‘ಕೋಕ’ ನಮ್ಮ ತೆಂಗೇ. ಶಾಂಪೂವನ್ನು ಚೆಂಬಿನ ನೀರಿನಲ್ಲಿ ಕದಡಿ ಬುಡಕ್ಕೆ ಮಾತ್ರ ಹಾಕಿ, ಬೆರಳ ತುದಿಯಿಂದ ಉಜ್ಜಿ. ಉದ್ದದ ಕೂದಲಿಗೆ ಇಳಿದುಬರುವ ನೊರೆಯೇ ಸಾಕು. ಕೂದಲನ್ನು ನೆತ್ತಿಯ ಮೇಲೆ ಗುಡ್ಡೆ ಹಾಕಿ ತಿಕ್ಕಿದರೆ ಬಿಡಿಸಿದ ಸಿಕ್ಕೆಲ್ಲ ವಾಪಸು. ವಾರಕ್ಕೆ ಎರಡು ಸಲ ತೊಳೆದರೆ ಹೆಚ್ಚಿನವರಿಗೆ ಸಾಕು. ಬೆವರುವ ಮೇ ತಿಂಗಳಲ್ಲಿ ಮೂರು. ಹಂಡೆಯ ನೀರು ಉಗುರುಬೆಚ್ಚಗಿರಲಿ.

ಅಡುಗೆಸೋಡಾ ತಲೆಗೆ ಬೇಡವೇ ಬೇಡ. ಅದರ ಕ್ಷಾರ ಗುಣ ಹೊರಪದರವನ್ನು ಎಬ್ಬಿಸುತ್ತದೆ. ಮೊಟ್ಟೆ, ಮೊಸರಿನ ಪ್ರೋಟೀನ್ ಕೂದಲಿನ ಒಳಗೆ ಇಳಿಯುವಷ್ಟು ಸಣ್ಣದಲ್ಲ, ಮೇಲ್ಮೈ ಸ್ವಲ್ಪ ನಯವಾದೀತು, ಅಷ್ಟೇ. ಮೊಟ್ಟೆ ಹಚ್ಚಿ ಬಿಸಿನೀರು ಹೊಯ್ದರೆ ಏನಾಗುತ್ತದೆ ಎಂದು ಅಡುಗೆ ಬಲ್ಲವರಿಗೆ ಹೇಳಬೇಕೇ?

ಬಕೆಟ್ಟಿನಲ್ಲಿ ಕಂಡಿಷನರ್

ಶವರ್ ಇಲ್ಲ ಎಂದು ಬೇಸರ ಬೇಡ. ಈ ಹಂತಕ್ಕೆ ಬಕೆಟ್ಟೇ ಮೇಲು. ಕಂಡಿಷನರನ್ನು ಬುಡ ಬಿಟ್ಟು ಉದ್ದಕ್ಕೂ ಹಚ್ಚಿ, ಬೆರಳಾಡಿಸಿ. ನಂತರ ಮುಂದಕ್ಕೆ ಬಾಗಿ, ಅರ್ಧ ಬಕೆಟ್ ನೀರಿನಲ್ಲಿ ಕೂದಲನ್ನು ಮುಳುಗಿಸಿ. ಎರಡೂ ಅಂಗೈಯಲ್ಲಿ ತುದಿಯನ್ನು ತುಂಬಿಕೊಂಡು ನೆತ್ತಿಯ ಕಡೆಗೆ ಒತ್ತುತ್ತಾ ಹಿಂಡಿ, ಬಿಡಿ, ಮತ್ತೆ ಮುಳುಗಿಸಿ. ನೀರು ಕುಡಿದ ಕೂದಲು ಪಚಪಚ ಸದ್ದು ಮಾಡತೊಡಗಿದರೆ ಹದ ಬಂದಂತೆ. ಸುರುಳಿಗಳು ಕಣ್ಣೆದುರೇ ಗುಂಪುಗೂಡಿ ಕಟ್ಟುಕಟ್ಟಾಗುತ್ತವೆ. ಕಡೆಗೆ ಒಂದು ಚೆಂಬು ಶುದ್ಧ ನೀರು ಹೊಯ್ದರೆ ಸಾಕು, ಜಾರುವ ಅಂಶ ಕೊಂಚ ಉಳಿಯಲಿ. ನಯವಾದ ಕೂದಲಿನವರು ಪೂರ್ತಿ ತೊಳೆದುಬಿಡುವುದು ಒಳ್ಳೆಯದು.

ಅಗಸೆ ಬೀಜದ ಜೆಲ್

ಸುರುಳಿಯನ್ನು ಒಣಗುವವರೆಗೆ ಹಿಡಿದಿಡಲು ಜೆಲ್ ಬೇಕು. ಅಂಗಡಿಯದೂ ಆದೀತು, ಮನೆಯಲ್ಲಿ ಮಾಡಿಕೊಳ್ಳುವುದು ಅಗ್ಗ. ಕಾಲು ಕಪ್ ಅಗಸೆ ಬೀಜಕ್ಕೆ ಎರಡು ಕಪ್ ನೀರು. ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಕುದಿಸಿ. ಏಳೆಂಟು ನಿಮಿಷಕ್ಕೆ ಮೇಲೆ ಬಿಳಿ ನೊರೆ ಬರುತ್ತದೆ, ಸೌಟಿನಿಂದ ಬೀಳುವ ನೀರು ಹನಿಯಾಗದೆ ಮೊಟ್ಟೆಯ ಬಿಳಿಯಂತೆ ಎಳೆಯಾಗಿ ಇಳಿಯುತ್ತದೆ. ಆ ಕ್ಷಣವೇ ಇಳಿಸಿ, ಬಿಸಿಯಿರುವಾಗಲೇ ತೆಳು ಬಟ್ಟೆಯಲ್ಲಿ ಸೋಸಿ. ತಣಿಯಲು ಬಿಟ್ಟರೆ ಬೀಜವೂ ಲೋಳೆಯೂ ಒಂದೇ ಗಟ್ಟಿಯಾಗಿ, ಹಿಂಡಿ ಹಿಂಡಿ ಕೈ ಸೋಲುತ್ತದೆ. ಫ್ರಿಜ್ಜಿನಲ್ಲಿ ಒಂದು ವಾರ ಇರುತ್ತದೆ. ಹುಳಿ ವಾಸನೆ ಬಂದರೆ ತೆಂಗಿನ ಬುಡಕ್ಕೆ ಚೆಲ್ಲಿ. ಐಸ್ ತಟ್ಟೆಯಲ್ಲಿ ಹೆಪ್ಪುಗಟ್ಟಿಸಿಟ್ಟರೆ ಸಲಕ್ಕೆ ಎರಡು ತುಂಡು ಕರಗಿಸಿಕೊಳ್ಳಬಹುದು.

ಲೋಳೆಸರವೂ ಆಗುತ್ತದೆ, ಹಿಡಿತ ಮಾತ್ರ ಕಡಿಮೆ. ಎಲೆ ಕತ್ತರಿಸಿ ಹತ್ತು ಹದಿನೈದು ನಿಮಿಷ ನೆಟ್ಟಗೆ ನಿಲ್ಲಿಸಿ. ಸೋರುವ ಹಳದಿ ರಸ ಚರ್ಮಕ್ಕೆ ತುರಿಕೆ ತರುವಂಥದ್ದು, ಅದು ಪೂರ್ತಿ ಹೋಗಲಿ.

ಹಚ್ಚುವುದು ಬಚ್ಚಲಿನಲ್ಲೇ, ನೀರು ತೊಟ್ಟಿಕ್ಕುತ್ತಿರುವಾಗಲೇ. ಜೆಲ್ಲನ್ನು ಎರಡೂ ಅಂಗೈಗೆ ಸವರಿಕೊಂಡು, ಕೈಮುಗಿದಂತೆ ಕೂದಲ ಕಟ್ಟನ್ನು ನಡುವೆ ಹಿಡಿದು ಮೇಲಿನಿಂದ ಕೆಳಕ್ಕೆ ಜಾರಿಸಿ. ಆಮೇಲೆ ತಲೆ ಬಾಗಿಸಿ ತುದಿಯಿಂದ ಮೇಲಕ್ಕೆ ಹಿಂಡಿ. ಕೋಣೆಗೆ ಬಂದು, ಕನ್ನಡಿ ಹುಡುಕಿ, ಅರ್ಧ ಒಣಗಿದ ಮೇಲೆ ಹಚ್ಚಿದ ಜೆಲ್ ಯಾವ ಕೆಲಸಕ್ಕೂ ಬಾರದು.

ತೋರ್ತು, ಫ್ಯಾನು, ಸಹನೆ

ದಪ್ಪ ಟರ್ಕಿ ಟವೆಲಿನ ಕುಣಿಕೆಗಳು ಸುರುಳಿಗೆ ಸಿಕ್ಕಿ ಕೂದಲನ್ನು ಕೆದರುತ್ತವೆ. ಹಳೆಯ ತೋರ್ತು, ತೆಳು ಬೈರಾಸು ಇದಕ್ಕೆ ಹೇಳಿ ಮಾಡಿಸಿದ್ದು: ಸಮತಟ್ಟಾದ ನೇಯ್ಗೆ, ತೊಳೆದು ತೊಳೆದು ಮೆದುವಾದ ಹತ್ತಿ. ತಿಕ್ಕಬೇಡಿ, ಕಟ್ಟಿ ಕೊಡವಬೇಡಿ. ಮಂಚದ ಮೇಲೆ ತೋರ್ತು ಹಾಸಿ, ಬಾಗಿ ಸುರುಳಿಗಳನ್ನು ಅದರ ಮೇಲೆ ಇಳಿಬಿಟ್ಟು, ಎರಡು ತುದಿಗಳನ್ನು ಹಿಂದಕ್ಕೆ ತಂದು ಗಂಟು ಹಾಕಿ. ಹದಿನೈದು ನಿಮಿಷಕ್ಕೆ ಬಿಚ್ಚಿ.

ಅಲ್ಲಿಂದ ಪೂರ್ತಿ ಒಣಗುವವರೆಗೆ ಕೈ ತಾಗಿಸಬಾರದು. ಕಠಿಣ ನಿಯಮ ಇದೊಂದೇ. ಬೇಸಿಗೆಯಲ್ಲಿ ಅಡಿಕೆ ಹರಡಿದ ಅಂಗಳದಲ್ಲಿ ಹತ್ತು ನಿಮಿಷ ಕುಳಿತರೆ ಒಣಗುತ್ತದೆಂದು ಬಿಸಿಲಿಗೆ ಹೋಗಬೇಡಿ, ನೆರಳಿನ ಗಾಳಿ ಸಾಕು. ಆಷಾಢದಲ್ಲಿ ಫ್ಯಾನಿನ ಕೆಳಗೂ ಗಂಟೆಗಟ್ಟಲೆ ಒಣಗದು. ಆಗ ಡಿಫ್ಯೂಸರ್ ಎಂಬ ಬಟ್ಟಲಿನಂಥ ಮೂತಿ ಸಿಕ್ಕಿಸಿದ ಹೇರ್ ಡ್ರೈಯರನ್ನು ಕಡಿಮೆ ಬಿಸಿಯಲ್ಲಿ ಬುಡದ ಹತ್ತಿರ ಹಿಡಿಯಿರಿ. ಬುಡ ಒಣಗಿದರೆ ಉಳಿದದ್ದು ನಿಧಾನವಾಗಿ ಒಣಗಲಿ. ಒದ್ದೆ ತಲೆಯಲ್ಲಿ ತುರುಬು ಕಟ್ಟಿ ಮಲಗಿದರೆ ಮುಗ್ಗುಲು ವಾಸನೆ, ತುರಿಕೆ ಎರಡೂ ಖಾತ್ರಿ. ಆದ್ದರಿಂದ ಮಳೆಗಾಲದಲ್ಲಿ ಸಂಜೆ ತಲೆಗೆ ಮೀಯುವುದೇ ಬೇಡ.

ಒಣಗಿದಾಗ ಕೂದಲು ಗರಿಗರಿಯಾಗಿ, ಗಂಜಿ ಹಾಕಿದಂತೆ ಗಟ್ಟಿಯಾಗಿರುತ್ತದೆ. ಗಾಬರಿ ಬೇಡ, ಹಾಗಾಗಿದ್ದರೆ ಜೆಲ್ ಸರಿಯಾಗಿ ಕೂತಿದೆ. ಅಂಗೈಗೆ ಎರಡೇ ಹನಿ ತೆಂಗಿನೆಣ್ಣೆ ಸವರಿಕೊಂಡು ತುದಿಯಿಂದ ಮೇಲಕ್ಕೆ ಹಿಂಡಿದರೆ ಗಡಸು ಹೋಗಿ ಸುರುಳಿ ಮೆತ್ತಗಾಗುತ್ತದೆ.

ರಾತ್ರಿ, ಮರುದಿನ

ಹತ್ತಿಯ ದಿಂಬಿನ ಮೇಲೆ ಹೊರಳಾಡಿದರೆ ಬೆಳಗ್ಗೆ ಸುರುಳಿ ಹಿಸುಕಿಹೋಗಿರುತ್ತದೆ. ಉಡಲಾಗದಷ್ಟು ಹಳೆಯದಾದ ರೇಷ್ಮೆ ಸೀರೆಯ ಸೆರಗಲ್ಲದ ಭಾಗವನ್ನು ಹೊಲಿದು ದಿಂಬಿನ ಚೀಲ ಮಾಡಿಕೊಳ್ಳಿ. ಜರಿ ಇರುವ ಕಡೆ ಬೇಡ, ಕೂದಲು ಸಿಕ್ಕುತ್ತದೆ. ಉದ್ದ ಕೂದಲಿನವರು ನೆತ್ತಿಯ ಮೇಲೆ ಸಡಿಲವಾಗಿ ಒಂದೇ ಸುತ್ತು ಕಟ್ಟಿ ಮಲಗಿ, ರಬ್ಬರ್ ಬ್ಯಾಂಡ್ ಬದಲು ಬಟ್ಟೆಯ ಬ್ಯಾಂಡ್ ಇರಲಿ. ಮರುದಿನ ಬೆಳಗ್ಗೆ ಕೆಟ್ಟ ಕಡೆಗಷ್ಟೇ ನೀರು ಸಿಂಪಡಿಸಿ, ಬೆರಳಿಗೆ ಸುತ್ತಿ ಬಿಟ್ಟರೆ ಸಾಕು. ಇಡೀ ತಲೆ ಮತ್ತೆ ಒದ್ದೆ ಮಾಡುವ ಅಗತ್ಯವಿಲ್ಲ.

ಋತುವಿಗೆ ತಕ್ಕ ಬದಲಾವಣೆ ಒಂದೇ ಮುಖ್ಯ: ಗ್ಲಿಸರಿನ್. ಅದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಜನವರಿಯ ಒಣ ಬೆಳಗಿನಲ್ಲಿ ಅಂಥ ಕ್ರೀಮು ಒಳ್ಳೆಯದು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದೇ ಕ್ರೀಮು ತಲೆಯನ್ನು ಉಬ್ಬಿಸುತ್ತದೆ. ಮಳೆಗಾಲದಲ್ಲಿ ಗ್ಲಿಸರಿನ್, ಜೇನು ಮೇಲ್ಗಡೆ ನಮೂದಾದ ಬಾಟಲಿಗಳನ್ನು ಬದಿಗಿಟ್ಟು ಗಟ್ಟಿ ಜೆಲ್ ಹೆಚ್ಚು ಬಳಸಿ. ಎಷ್ಟೇ ಮಾಡಿದರೂ ಜುಲೈಯಲ್ಲಿ ಸ್ವಲ್ಪ ಉಬ್ಬುತ್ತದೆ. ಅದನ್ನು ಒಪ್ಪಿಕೊಂಡವರಿಗೆ ನಿದ್ದೆ ಚೆನ್ನಾಗಿ ಬರುತ್ತದೆ.

ಮಕ್ಕಳ ಜಡೆ, ಹೇನು

ಶಾಲೆಗೆ ಎರಡು ಜಡೆ ಕಡ್ಡಾಯವಾಗಿದ್ದರೆ ಹೆಣೆಯುವುದನ್ನು ಬೆಳಗಿನ ಗಡಿಬಿಡಿಗೆ ಇಟ್ಟುಕೊಳ್ಳಬೇಡಿ. ಹಿಂದಿನ ಸಂಜೆ ನೀರು ಮತ್ತು ಚೂರು ಕಂಡಿಷನರ್ ಕದಡಿ ಸಿಂಪಡಿಸಿ, ಸಿಕ್ಕು ಬಿಡಿಸಿ, ಫ್ಯಾನಿಗೆ ತೇವ ಆರಿದ ಮೇಲೆ ಸಡಿಲವಾಗಿ ಹೆಣೆದುಬಿಡಿ. ಬೆಳಗ್ಗೆ ರಿಬ್ಬನ್ ಕಟ್ಟುವುದಷ್ಟೇ ಬಾಕಿ. ಹಣೆಯ ಚರ್ಮ ಎಳೆದು ಹುಬ್ಬು ಮೇಲೇರುವಷ್ಟು ಬಿಗಿಯಾಗಿ ವರ್ಷಗಟ್ಟಲೆ ಹೆಣೆದರೆ ಹಣೆಯಂಚಿನ ಕೂದಲು ಉದುರಿ ಮತ್ತೆ ಬಾರದೆ ಹೋಗಬಹುದು. ‘ಅಮ್ಮಾ, ನೋಯುತ್ತದೆ’ ಎಂದು ಮಗು ಹೇಳಿದರೆ ಅದು ಹಟವಲ್ಲ.

ಹೇನಾದರೆ ಒಣ ಕೂದಲಿನಲ್ಲಿ ಹೇನಿನ ಹಣಿಗೆ ಎಳೆಯುವುದು ಶಿಕ್ಷೆ. ತಲೆ ತುಂಬ ಕಂಡಿಷನರ್ ಬಳಿದು, ಮೊದಲು ಅಗಲ ಹಲ್ಲಿನದರಲ್ಲಿ ಬಿಡಿಸಿ, ಆಮೇಲೆ ಒತ್ತು ಹಲ್ಲಿನ ಹಣಿಗೆಯಲ್ಲಿ ಬುಡದಿಂದ ತುದಿಗೆ ಬಾಚಿ, ಪ್ರತಿ ಎಳೆತಕ್ಕೂ ಬಿಳಿ ಬಟ್ಟೆಗೆ ಒರೆಸಿ. ಸೀರು ಒಡೆದು ಮರಿಯಾಗಲು ಸುಮಾರು ಒಂದು ವಾರ ಬೇಕು, ಆದ್ದರಿಂದ ಮೂರು ನಾಲ್ಕು ದಿನಕ್ಕೊಮ್ಮೆಯಂತೆ ಎರಡು ಮೂರು ವಾರ ಮಾಡಬೇಕು.

ಕತ್ತರಿ, ಪಾರ್ಲರು, ವೈದ್ಯರು

ಒದ್ದೆ ಮಾಡಿ, ನೇರ ಎಳೆದು, ಒಂದೇ ಗೆರೆಗೆ ಕತ್ತರಿಸಿದ ಗುಂಗುರು ಕೂದಲು ಒಣಗಿದ ಮೇಲೆ ಎಲ್ಲೆಲ್ಲಿಗೋ ಏರಿ ತ್ರಿಕೋನವಾಗುತ್ತದೆ. ಒಣ ಕೂದಲಿನಲ್ಲೇ, ಸುರುಳಿ ಬೀಳುವ ಜಾಗ ನೋಡಿ ಕತ್ತರಿಸುತ್ತೀರಾ ಎಂದು ಮೊದಲೇ ಕೇಳಿ. ಮಂಗಳೂರಿಗೆ ಹೋಗದೆಯೂ ಇದನ್ನು ಮಾಡಿಸಬಹುದು, ಹೇಳಿ ಮಾಡಿಸಬೇಕು ಅಷ್ಟೆ. ಗಂಡಸರಿಗೂ ಇದೇ ಮಾತು. ನೆತ್ತಿಯಲ್ಲಿ ಮೂರು ನಾಲ್ಕು ಅಂಗುಲ ಉಳಿಸಿ ಬದಿಗಳನ್ನು ಸಣ್ಣಗೆ ಮಾಡಿದರೆ ನಿಭಾಯಿಸುವುದು ಸುಲಭ. ಹೆಲ್ಮೆಟ್ಟಿನ ಒಳಗೆ ತೆಳು ಹತ್ತಿ ಬಟ್ಟೆ ಕಟ್ಟಿಕೊಂಡರೆ ಬೆವರೂ ಹೀರುತ್ತದೆ, ಉಜ್ಜಾಟವೂ ಕಡಿಮೆ.

ಮದುವೆಯ ಮುಂಚೆ ಕೂದಲು ನೇರ ಮಾಡಿಸುವ ಒತ್ತಾಯ ಹೆಣ್ಣುಮಕ್ಕಳಿಗೆ ಮನೆಯಿಂದಲೇ ಬರುತ್ತದೆ. ಮಲ್ಲಿಗೆ ಮುಡಿಸಲು ನೇರ ಕೂದಲೇ ಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಮಾಡಿಸಲೇಬೇಕಾದರೆ ಬಾಟಲಿಯ ಮೇಲಿನ ಹೆಸರುಗಳನ್ನು ಓದಿ. ಕೆರಾಟಿನ್ ಚಿಕಿತ್ಸೆ ಎಂಬ ಚಂದದ ಹೆಸರಿನ ಹಲವು ದ್ರಾವಣಗಳು ಬಿಸಿಗೆ ಫಾರ್ಮಾಲ್ಡಿಹೈಡ್ ಬಿಡುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಸಾಲಿನಲ್ಲಿ ಇಟ್ಟಿದೆ. ಅದರ ಬದಲಿಗೆ ಬಂದ ಗ್ಲೈಆಕ್ಸಿಲಿಕ್ ಆಮ್ಲದ ಕ್ರೀಮಿನಿಂದ ಮೂತ್ರಪಿಂಡಕ್ಕೆ ಹಾನಿಯಾದ ಪ್ರಕರಣವೂ 2024ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿದೆ. ಮೇಲಾಗಿ ಕೂದಲು ತಿಂಗಳಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಆರು ತಿಂಗಳಿಗೆ ಬುಡದಲ್ಲಿ ಗುಂಗುರು, ಕೆಳಗೆ ನೇರ, ಎರಡರ ನಡುವಿನ ಗಡಿಯಲ್ಲಿ ತುಂಡಾಗುವ ಕೂದಲು.

ಆರೈಕೆಯಿಂದ ಸರಿಯಾಗದ ಸಂಗತಿಗಳೂ ಇವೆ. ದುಂಡಗೆ ನಾಣ್ಯದಷ್ಟು ಜಾಗದಲ್ಲಿ ಕೂದಲು ಬೋಳಾದರೆ, ತಲೆಯಲ್ಲಿ ಕೀವು ಅಥವಾ ದಪ್ಪ ಹೊಪ್ಪಳೆ ಕಂಡರೆ, ಬೈತಲೆ ದಿನೇ ದಿನೇ ಅಗಲವಾದರೆ ಗೊಂಪು, ಎಣ್ಣೆ ಬದಿಗಿಟ್ಟು ಚರ್ಮರೋಗ ತಜ್ಞರಿಗೆ ತೋರಿಸಿ. ಜೋರು ಜ್ವರ ಅಥವಾ ಹೆರಿಗೆಯಾಗಿ ಎರಡು ಮೂರು ತಿಂಗಳ ನಂತರ ಹಿಡಿಹಿಡಿಯಾಗಿ ಉದುರುವುದು ಬೇರೆ ಬಗೆ. ಅದು ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ತಾನಾಗಿ ನಿಲ್ಲುತ್ತದೆ. ಆರು ತಿಂಗಳಾದರೂ ನಿಲ್ಲದಿದ್ದರೆ ರಕ್ತದಲ್ಲಿ ಕಬ್ಬಿಣದಂಶ, ಥೈರಾಯ್ಡ್ ಎರಡನ್ನೂ ಪರೀಕ್ಷಿಸಬೇಕೇ ಎಂದು ವೈದ್ಯರನ್ನು ಕೇಳಿ.